ಬಸ್ಸೂ ಬಡಾವಣೆಯೂ

ಮನೆಯನ್ನಾಗಲಿ ನಿವೇಶನವನ್ನಾಗಲಿ ಕೊಳ್ಳುವಾಗ ನಮ್ಮ ಗೃಹಸ್ಥರು ವಿಚಾರಿಸುವ ಸಂಗತಿಗಳು ಹಲವು. ಬಾಗಿಲು ಯಾವ ದಿಕ್ಕಿಗಿದೆ, ನೀರಿನ ಅನುಕೂಲ ಹೇಗೆ, ಪತ್ರಗಳು ನಿರ್ದುಷ್ಟವಾಗಿವೆಯೇ, ಚದರಡಿಗೆ ಬೆಲೆಯೆಷ್ಟು. ಇವೆಲ್ಲವೂ ಕೇಳತಕ್ಕವೇ. ಆದರೆ ಕಡೆಯ ಬಸ್ಸು ಎಷ್ಟು ಹೊತ್ತಿಗೆಂದು ಕೇಳುವವರು ವಿರಳ. ಸಂಸಾರದ ಸುಖದುಃಖಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದು ನನ್ನ ನಂಬಿಕೆ.

ನಮ್ಮ ಬೆಂಗಳೂರನ್ನೇ ನೋಡಬಹುದು. 1898ರಲ್ಲಿ ಊರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಗಳಿಂದ ಹೊರಬಿದ್ದ ಜನರಿಗಾಗಿ ಉತ್ತರದಲ್ಲಿ ಮಲ್ಲೇಶ್ವರವೂ ದಕ್ಷಿಣದಲ್ಲಿ ಬಸವನಗುಡಿಯೂ ಬೆಳೆದವು. ಅಂದು ಉಳ್ಳವರಿಗೆ ಜಟಕಾ, ಉಳಿದವರಿಗೆ ಕಾಲೇ ವಾಹನ. ಆದುದರಿಂದ ಗುಡಿ, ಶಾಲೆ, ಅಂಗಡಿ, ಉದ್ಯಾನಗಳೆಲ್ಲ ನಡೆದು ಹೋಗುವಷ್ಟು ದೂರದಲ್ಲಿಯೇ ನೆಲೆಗೊಂಡವು. ಅಲ್ಲಿಯ ಮುದುಕಿಯೊಬ್ಬಳು ಇಂದಿಗೂ ಯಾರ ಹಂಗೂ ಇಲ್ಲದೆ ಹೂವು ತರಕಾರಿ ತಂದುಕೊಳ್ಳಬಲ್ಲಳು. ಮುಂದೆ 1948ರಲ್ಲಿ ದೂರವಾಣಿ ಯಂತ್ರಗಳ ಕಾರ್ಖಾನೆ ಸ್ಥಾಪಿತವಾದಾಗ, ಅದರ ಮಗ್ಗುಲಲ್ಲಿಯೇ ಕೆಲಸಗಾರರ ಮನೆಗಳೆದ್ದು ದೂರವಾಣಿನಗರವಾಯಿತು. ದುಡಿಮೆಗೂ ಮನೆಗೂ ನೆಂಟು ಇನ್ನೂ ಬಿಟ್ಟಿರಲಿಲ್ಲ.

ಆ ನೆಂಟು ಬಿಟ್ಟುದು ಅನಂತರ. 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ಕಡೆಗೆ ಕಚೇರಿಗಳು ಸಾಲುಗೊಂಡವು. ಮೆಟ್ರೋ ರೈಲು ನಗರದಲ್ಲಿ ಮೊದಲು ಓಡಿದ್ದು 2011ರಲ್ಲಿ. ಅದು ವೈಟ್‌ಫೀಲ್ಡನ್ನು ಮುಟ್ಟಿದ್ದು 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟಿದ್ದು 2025ರಲ್ಲಿ. ಕೆಲಸ ಮುಂದಾಗಿ ಹೋಯಿತು, ದಾರಿ ಹಿಂದಿನಿಂದ ಬಂದಿತು. ನಡುವಣ ವರ್ಷಗಳಲ್ಲಿ ಒಂದು ತಲೆಮಾರಿನ ಜನ ತಮ್ಮ ಸಂಜೆಗಳನ್ನು ರಸ್ತೆಯ ಮೇಲೆ ಕಳೆದರು.

ಅಲ್ಲೊಂದು ಇಲ್ಲೊಂದು ಮನೆಯಿರುವ ಬಡಾವಣೆಗೆ ಬಸ್ಸು ಬರುವುದು ಕಷ್ಟ, ಬಂದರೂ ತುಂಬುವುದಿಲ್ಲ. ಬಸ್ಸಿಲ್ಲವೆಂದು ಒಬ್ಬೊಬ್ಬರೂ ಸ್ವಂತ ವಾಹನ ಕೊಳ್ಳುತ್ತಾರೆ. ವಾಹನಗಳಿಂದ ರಸ್ತೆ ಕಿಕ್ಕಿರಿದ ಮೇಲೆ, ಇರುವ ಬಸ್ಸೂ ತೆವಳುತ್ತದೆ. ತೆವಳುವ ಬಸ್ಸನ್ನು ನಂಬುವವರಾರು? ಹೀಗೆ ಗಾಣದೆತ್ತಿನಂತೆ ಸುತ್ತಿದಲ್ಲಿಯೇ ಸುತ್ತುತ್ತೇವೆ.

ನನ್ನ ತಮ್ಮನ ಮಗ ಹೊರವಲಯದಲ್ಲಿ ವಿಶಾಲವಾದ ಮನೆ ಕಟ್ಟಿಸಿದ್ದಾನೆ. ಮಗು ಏಳುವ ಮುನ್ನ ಹೊರಟು, ಮಲಗಿದ ಮೇಲೆ ಬರುತ್ತಾನೆ. ನಮ್ಮ ಮನೆಯಲ್ಲಿಯೂ ಅಂತಹುದೇ ನಿವೇಶನದ ಮಾತು ಎದ್ದಾಗ ಸೊಸೆ ಕೇಳಿದಳು: “ಮಾವನವರೇ, ಕಾಲೇಜಿನಿಂದ ಹುಡುಗಿ ಸಂಜೆ ಏಳರ ಮೇಲೆ ಬರಬೇಕಾದರೆ ಬಸ್ಸುಂಟೆ?” ಮಾರುವವರನ್ನು ವಿಚಾರಿಸಿದೆ. ಮುಂದೆ ಬಂದೇ ಬರುವುದೆಂದರು. ಹುಡುಗಿಯ ಓದು ಆ “ಮುಂದೆ”ಯವರೆಗೆ ಕಾಯಲಾರದು. ಬಸ್ಸಿನ ಹಾದಿಯಲ್ಲಿ ಕೋಣೆಯೊಂದು ಕಡಿಮೆಯಿರುವ ಮನೆಯನ್ನು ಹಿಡಿದೆವು.

ಆದರೆ ಎಲ್ಲರಿಗೂ ಈ ಆಯ್ಕೆಯಿಲ್ಲ. ನಿಲ್ದಾಣದ ಬಳಿ ನೆಲದ ಬೆಲೆ ಏರುತ್ತದೆ. ಬಸ್ಸು ರೈಲುಗಳನ್ನೇ ನೆಚ್ಚಿದ ಬಡವರು ಅವುಗಳಿಂದ ದೂರ ಸರಿಯಬೇಕಾಗುತ್ತದೆ. 2023ರ ಜೂನಿನಿಂದ ನಮ್ಮ ರಾಜ್ಯದ ಹೆಂಗಸರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುವಂತಾದುದು ದೊಡ್ಡ ಉಪಕಾರ. ಆದರೆ ಬಸ್ಸೇ ಬಾರದ ಬೀದಿಗೆ ಆ ಉಪಕಾರ ತಲುಪುವುದೆಂತು? ಬಡಾವಣೆಯ ನಕ್ಷೆ ಬರೆಯುವ ದಿನವೇ ಬಸ್ಸಿನ ಹಾದಿಯನ್ನೂ, ಅದರ ಇಕ್ಕೆಲದಲ್ಲಿ ಸಣ್ಣ ಆದಾಯದವರ ಮನೆಗಳನ್ನೂ ಗುರುತಿಸತಕ್ಕದ್ದು. ಅಧಿಕಾರಿಗಳು ಇದನ್ನು ತಾವಾಗಿ ನೆನೆಯದಿದ್ದರೆ, ನೆನಪು ಮಾಡಿಕೊಡುವುದು ತೆರಿಗೆ ಕೊಡುವ ಗೃಹಸ್ಥರ ಕರ್ತವ್ಯ.