ಲಂಡನ್ನಿನಲ್ಲಿ ಶ್ರೀರಂಗಪಟ್ಟಣದ ಹುಲಿ

ನಾವು ಲಂಡನ್ ನಗರದಲ್ಲಿದ್ದುದು ಎರಡೇ ದಿವಸ. ಮೊದಲನೆಯ ದಿವಸ, ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಗೆ ಕೈಮುಗಿದೆವು. ಮಳೆ ಹನಿಯುತ್ತಿದ್ದುದರಿಂದ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಮರುದಿವಸ, ಅಲ್ಲಿಯೇ ನೆಲಸಿರುವ ನಮ್ಮ ಹಳೆಯ ಶಿಷ್ಯನೊಬ್ಬನು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಇಂಗ್ಲಿಷರು ಕೊಳ್ಳೆಯೊಡನೆ ಒಯ್ದ ಟಿಪ್ಪು ಸುಲ್ತಾನನ ಮರದ ಹುಲಿಯನ್ನು ಅಲ್ಲಿ ಕಂಡೆವು. ಯಮಕನಮರಡಿಯ ಶಾಲೆಯಲ್ಲಿ ಈ ಪಾಠವನ್ನು ಹೇಳುವಾಗಲೆಲ್ಲ ಅದನ್ನು ಅಂಗೈಯಗಲದ ಆಟಿಕೆಯೆಂದು ವರ್ಣಿಸಿದವರು ನಾವು. ಗಾಜಿನ ಪೆಟ್ಟಿಗೆಯಲ್ಲಿ ಇದ್ದುದಾದರೋ ಐದೂವರೆ ಅಡಿಗೂ ಮಿಕ್ಕ ವ್ಯಾಘ್ರ! ಅಂಗಾತ ಬಿದ್ದ ಬಿಳಿಯನೊಬ್ಬನ ಕೊರಳಿಗೆ ಬಾಯಿ ಹಾಕಿದೆ. ಹಿಡಿಕೆಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಊದಿ ಹುಲಿಯು ಗುರುಗುಟ್ಟುವುದು, ಬಿಳಿಯನು ನರಳುತ್ತ ಕೈಯನ್ನು ಮೇಲೆ ಕೆಳಗೆ ಆಡಿಸುವನು. ಹಿಂದೆ ಕಂಪನಿಯವರ ಸಂಗ್ರಹದಲ್ಲಿದ್ದಾಗ ಬಂದ ಬಂದವರೆಲ್ಲ ತಿರುಗಿಸಿ, ಅಲ್ಲಿ ಓದಲು ಕುಳಿತ ಪಂಡಿತರ ನೆಮ್ಮದಿಗೆ ಭಂಗ ತರುತ್ತಿದ್ದರಂತೆ. ನಾವು ಹೋದಾಗ ಹುಲಿಯು ಮೌನವಾಗಿತ್ತು.

ಶಿಷ್ಯನು ನಗುತ್ತ, “ಮಾಸ್ತರ್ರ, ನೀವು ಸಣ್ಣ ಗೊಂಬಿ ಅಂದಿದ್ರಿ,” ಎಂದನು. ತಪ್ಪು ನಮ್ಮದೆಂದು ಅಲ್ಲಿಯೇ ಒಪ್ಪಿಕೊಂಡೆವು. ಆ ಪಾಠವನ್ನು ಕೇಳಿದ ಉಳಿದವರಾರಾದರೂ ಈ ಮಾಸಪತ್ರಿಕೆಯನ್ನು ಓದುತ್ತಿದ್ದರೆ ದಯಮಾಡಿ ತಿದ್ದಿಕೊಳ್ಳಬೇಕು.