ಕಾಲುವೆಯ ಇಂಗ್ಲಿಷು

ದೇವದುರ್ಗದಲ್ಲಿ ಹುಟ್ಟಿ, ರಾಯಚೂರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ಶಬ್ದದ ಅರ್ಥ ತಪ್ಪಿತೆಂದರೆ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಮಾನ್ವಿ ತಾಲ್ಲೂಕಿನ ತಂಗಿಯ ಮನೆಗೆ ಹೋದಾಗಲೆಲ್ಲ ಈ ವ್ರತಕ್ಕೆ ಭಂಗ ಬರುತ್ತಿತ್ತು.

ಬಸ್ಸಿನಿಂದ ಇಳಿಯುವುದೇ ಒಂದು ‘ಕ್ಯಾಂಪಿ’ನಲ್ಲಿ. ಕ್ಯಾಂಪೆಂದರೆ ನಾಲ್ಕು ದಿನ ತಂಗಿ ಎದ್ದುಹೋಗುವ ಬಿಡಾರವೆಂದು ಅವರು ಹುಡುಗರಿಗೆ ಹೇಳಿಕೊಟ್ಟಿದ್ದರು. ಇಲ್ಲಿಯೋ, 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದ ಮೇಲೆ ಆಂಧ್ರದ ಕರಾವಳಿಯಿಂದ ಬಂದ ರೈತರು ಮನೆ, ಗುಡಿ, ಗಿರಣಿಗಳನ್ನು ಕಟ್ಟಿಕೊಂಡು ಮೂರು ತಲೆಮಾರು ಬಾಳಿದ್ದಾರೆ. ಊರಿನ ಹೆಸರು ಇನ್ನೂ ಕ್ಯಾಂಪು!

ದೇಶವೆಲ್ಲ ಕಿಲೋಮೀಟರಿಗೆ ಹೊರಳಿದರೂ, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಮಾತ್ರ ರೈತನ ಬಾಯಲ್ಲಿ ‘ಮೈಲ್ 69’, ‘ಮೈಲ್ 104’ ಎಂದೇ ಉಳಿದಿದೆ. ಗೇಜು ಅಳತೆಯ ಸಾಧನವೆಂದು ಮಾಸ್ತರರು ಎಷ್ಟು ಹೇಳಿದರೇನು? ಅಲ್ಲಿಯವರಿಗೆ ಗೇಜೆಂದರೆ ನೀರು. ಗೇಜು ಬಿದ್ದಿತೆಂದರೆ ಬೆಳೆಯೂ ಬಿದ್ದಂತೆ.

ಎಲ್ಲಕ್ಕಿಂತ ಹೆಚ್ಚು ಅವರ ಕಿವಿಗೆ ಚುಚ್ಚುತ್ತಿದ್ದುದು ‘ಟೇಲೆಂಡ್’. “ಅದು ಎರಡು ಶಬ್ದವಪ್ಪಾ, ಬಾಲದ ತುದಿ ಎಂದರ್ಥ” ಎಂದು ಅಳಿಯನನ್ನು ತಿದ್ದುತ್ತಿದ್ದರು. ದೇವದುರ್ಗದ ತಮ್ಮ ಬಾಲ್ಯದಲ್ಲಿ ಮಳೆಯನ್ನೇ ನಂಬಿದ್ದ ಹೊಲಗಳನ್ನು ಕಂಡವರು ಅವರು. ಮಳೆಗೆ ಮೇಲಿನ ತುದಿ, ಕೆಳಗಿನ ತುದಿ ಎಂಬುದಿರಲಿಲ್ಲ. ನಾರಾಯಣಪುರ ಬಲದಂಡೆ ಕಾಲುವೆ ಕೃಷ್ಣೆಯನ್ನು ಆ ಕಡೆಗೆ ತಂದಾಗ ನೀರಿನೊಡನೆ ಈ ಮಾತುಗಳೂ ಅಲ್ಲಿಗೆ ಹೋದವು.

ಒಂದು ವರ್ಷ ನಾಟಿಯಾದ ಮೇಲೆ ತಂಗಿಯ ಗದ್ದೆಗೆ ನೀರು ಬರಲಿಲ್ಲ. ಹೆಚ್ಚಿನ ಭೂಮಿಯನ್ನು ಅರೆನೀರಾವರಿ ಬೆಳೆಗಳಿಗೆಂದು ಗೊತ್ತುಮಾಡಿದ್ದ ಕಾಲುವೆ; ಮೇಲುಭಾಗದಲ್ಲಿ ಮಾತ್ರ ಭತ್ತವೋ ಭತ್ತ. ಕೆಳಗೆ ಬಂದು ಮುಟ್ಟಲು ನೀರೆಲ್ಲಿ ಉಳಿಯಬೇಕು? ತಂಗಿ ಏನೂ ಆಡಲಿಲ್ಲ. ಅಣ್ಣನಿಗೆ ರೊಟ್ಟಿ ಬಡಿಸಿ, ಬಾಗಿಲಲ್ಲಿ ನಿಂತು ಹಳದಿಯಾದ ಸಸಿಗಳನ್ನು ನೋಡುತ್ತಿದ್ದಳು.

ಅಂದು ರಾತ್ರಿ ಅಳಿಯ ಅರ್ಜಿ ಬರೆಸಲು ಕುಳಿತ. ಮಾಸ್ತರರು ಅಚ್ಚಗನ್ನಡದಲ್ಲಿ ‘ಕಾಲುವೆಯ ಕೊನೆಯ ಭಾಗದ ರೈತರು’ ಎಂದು ಬರೆದರು.

“ಟೇಲೆಂಡ್ ಅಂತನ ಬರೀರಿ ಮಾಮಾ. ಕೊನಿ ಅಂದ್ರ ಇವತ್ತಲ್ಲ ನಾಳೆ ನಮ್ಮ ಪಾಳಿ ಬರತೈತಿ ಅಂದಂಗ ಆಗತೈತಿ. ಟೇಲೆಂಡಿಗೆ ಪಾಳಿನ ಇಲ್ರಿ.”

ಮಾಸ್ತರರು ಒಂದು ಗಳಿಗೆ ಸುಮ್ಮನಿದ್ದು, ಬರೆದುದನ್ನು ಹೊಡೆದುಹಾಕಿ, ಅವನು ಹೇಳಿದಂತೆಯೇ ಒಂದೇ ಶಬ್ದವಾಗಿ ಬರೆದರು.

ಮರುದಿನ ಮುಂಜಾನೆ ಅಳಿಯ ಕಾಲುವೆಯಿಂದ ಮರಳಿ ಬಂದಾಗ, ಮುಖವನ್ನೂ ತೊಳೆಯದೆ ಕಟ್ಟೆಯ ಮೇಲೆ ಕುಳಿತಿದ್ದ ಮಾಸ್ತರರು ಕೇಳಿದರು:

“ಗೇಜ್ ಎಷ್ಟೈತೋ?”