ನಾಲ್ಕು ಇಂಚಿನ ಲೆಕ್ಕ

ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನವನ್ನು ಬೋಧಿಸಿದ ನನಗೆ ಸ್ವಂತ ವಾಹನವೆಂದು ಇದ್ದದ್ದು ಒಂದು ಹಳೆಯ ಸ್ಕೂಟರು ಮಾತ್ರ. ಅಂಥವನು ಪಿಕಪ್ ಗಾಡಿಯ ಲಿಫ್ಟ್ ಕಿಟ್ ಕುರಿತು ಬರೆಯಹೊರಟರೆ ಹಳೆಯ ಸಹೋದ್ಯೋಗಿಗಳು ನಕ್ಕಾರು. ನಗಲಿ.

2022ರ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆವು. ಮನೆಯ ಮುಂದೆ ಹೊಸ ಕಾರಿನ ಪಕ್ಕದಲ್ಲಿ 1994ರ ಟೊಯೋಟಾ ಪಿಕಪ್ ಒಂದು ನಿಂತಿತ್ತು. ಬೇರೆ ದೇಶಗಳಲ್ಲಿ ಹೈಲಕ್ಸ್ ಎನಿಸಿಕೊಳ್ಳುವ ಈ ಗಾಡಿಗೆ ಅಲ್ಲಿ ಆ ಕಾಲದಲ್ಲಿ ಬರಿಯ ‘ಪಿಕಪ್’ ಎಂದೇ ಹೆಸರು. 2.4 ಲೀಟರಿನ ಎಂಜಿನ್, ನಾಲ್ಕೂ ಚಕ್ರಗಳಿಗೆ ಬಲ, ಹಿಂದೆ ಲೀಫ್ ಸ್ಪ್ರಿಂಗ್, ಮುಂದೆ ತಿರುಚಿಕೊಂಡು ಭಾರ ಹೊರುವ ಉಕ್ಕಿನ ಸರಳು. 28 ವರ್ಷ ದುಡಿದು ಅದರ ಹಿಂಬದಿ ನನ್ನ ಸೊಂಟದಂತೆಯೇ ಕುಸಿದಿತ್ತು. ಸ್ಯಾನ್ ವಾನ್ ಪರ್ವತಗಳಲ್ಲಿ ಆಲ್ಪೈನ್ ಲೂಪ್ ಎಂಬ ಸುಮಾರು 65 ಮೈಲಿಯ ದಾರಿಯಿದೆ. ಹಳೆಯ ಗಣಿಗಳ ಕಾಲದ ಕಲ್ಲುಹಾದಿ, ಅದರಲ್ಲಿನ ಎಂಜಿನಿಯರ್ ಪಾಸ್ 12,800 ಅಡಿ ಎತ್ತರದ್ದು. ಸೊಸೆಯನ್ನು ಕರೆದುಕೊಂಡು ಅಲ್ಲಿಗೆ ಹೋಗಬೇಕೆಂಬುದು ಮಗನ ಬಯಕೆ.

ಒಂದು ಸಂಜೆ ಕಾಫಿಯ ಹೊತ್ತಿನಲ್ಲಿ ಅವನು, “ಅಪ್ಪ, ನಾಲ್ಕು ಇಂಚು ಎತ್ತರಿಸೋ ಕಿಟ್ ತರಿಸೋಣ ಅಂತಿದ್ದೇನೆ. ನೀವೊಮ್ಮೆ ಲೆಕ್ಕ ನೋಡ್ತೀರಾ?” ಎಂದ. ಓದುಗರಿಗೆ ಇದು ಸಾಮಾನ್ಯ ಪ್ರಶ್ನೆಯೆನಿಸಬಹುದು. ಪಿಯುಸಿಯಲ್ಲಿ ಅವನ ಇಚ್ಛೆಗೆ ವಿರುದ್ಧವಾಗಿ ನಾನು ವಿಜ್ಞಾನ ಕೊಡಿಸಿದ ದಿನದಿಂದ ಅವನು ನನ್ನ ಅಭಿಪ್ರಾಯವನ್ನು ಕೇಳಿದ್ದು ಅದೇ ಮೊದಲು. ಕೆಲಸ, ಮದುವೆ, ಮನೆ ಎಲ್ಲವೂ ನನಗೆ ಸುದ್ದಿಯಾಗಿ ಬಂದಿದ್ದವೇ ಹೊರತು ಪ್ರಶ್ನೆಯಾಗಿ ಬಂದಿರಲಿಲ್ಲ. ಆದ್ದರಿಂದ ತಕ್ಷಣ ಉತ್ತರಿಸದೆ ಒಂದು ನೋಟ್‌ಬುಕ್ ಕೇಳಿ ಪಡೆದೆ.

ಮರುದಿನ ನೆಲದ ಮೇಲೆ ಹಳೆಯ ಕಂಬಳಿ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿದೆ. ಎತ್ತರಿಸುವುದರಲ್ಲಿ ಎರಡು ಬಗೆ. ಚಾಸಿಗೂ ಮೇಲಿನ ಬಾಡಿಗೂ ನಡುವೆ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಏರಿಸುವುದು ಅಗ್ಗದ ದಾರಿ. ದೊಡ್ಡ ಟೈರಿಗೆ ಜಾಗ ಸಿಗುತ್ತದೆ, ಆದರೆ ಚಾಸಿ ಇದ್ದಲ್ಲೇ ಇರುತ್ತದೆ. ಇನ್ನೊಂದು ಸಸ್ಪೆನ್ಷನ್ನನ್ನೇ ಏರಿಸುವುದು. ಮಗ ಮೆಚ್ಚಿದ್ದ ನಾಲ್ಕು ಇಂಚಿನ ಕಿಟ್ ಎರಡನೆಯ ಬಗೆಯದು. ಅದರ ಗುಟ್ಟೇನೆಂದರೆ, ಚಕ್ರಕ್ಕೆ ಬಲ ಒಯ್ಯುವ ಆಕ್ಸಲುಗಳು ಅತಿಯಾಗಿ ಓರೆಯಾಗದಿರಲೆಂದು ಮುಂದಿನ ಡಿಫರೆನ್ಷಿಯಲ್ಲನ್ನು ಬ್ರಾಕೆಟ್ ಹಾಕಿ ಮತ್ತೆ ಕೆಳಕ್ಕೆ ಇಳಿಸುತ್ತಾರೆ. ಗಾಡಿ ಮೇಲೇರಿತು, ಕಲ್ಲಿಗೆ ತಗಲುವ ಭಾಗ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು! ಹಿಂದಿನ ಆಕ್ಸಲಿನ ಗುಂಡಿಗೆಯಂತೂ ಯಾವ ಲಿಫ್ಟಿನಿಂದಲೂ ಕೂದಲೆಳೆಯಷ್ಟೂ ಮೇಲೇಳದು. ಅದನ್ನೆತ್ತುವುದು ಟೈರು ಮಾತ್ರ. 28.3 ಇಂಚು ವ್ಯಾಸದ ಟೈರು ತೆಗೆದು 31 ಇಂಚಿನದನ್ನು ಹಾಕಿದರೆ ವ್ಯತ್ಯಾಸ 2.7 ಇಂಚು, ಅದರ ಅರ್ಧ 1.35 ಇಂಚು ನಮ್ಮ ಲಾಭ. ಜೊತೆಗೆ ಸ್ಪೀಡೋಮೀಟರ್ 60 ಮೈಲಿ ಎಂದಾಗ ನಿಜವಾದ ವೇಗ ಸುಮಾರು 66 ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಅಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಒಂದು ಕಡ್ಡಿಯಿದ್ದು ಬ್ರೇಕಿನ ವಾಲ್ವಿಗೆ ಸೇರಿದೆ. ಸರಕಿನ ಭಾರಕ್ಕೆ ಗಾಡಿ ಕುಗ್ಗಿದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಖಾಲಿಯಾಗಿ ಮೇಲೆದ್ದರೆ ಕಡಿಮೆ. ಗಾಡಿಯನ್ನು ಎತ್ತರಿಸಿ ಈ ಕಡ್ಡಿಯನ್ನು ಮರೆತರೆ, ತುಂಬಿದ ಗಾಡಿಯನ್ನೂ ಅದು ಖಾಲಿಯೆಂದೇ ಭಾವಿಸುತ್ತದೆ. ಕಿಟ್ ಮಾರುವವರ ಚಿತ್ರಗಳಲ್ಲಿ ಈ ಕಡ್ಡಿಯ ಸುಳಿವೇ ನನಗೆ ಕಾಣಲಿಲ್ಲ.

ಇಷ್ಟೆಲ್ಲ ಬರೆದುಕೊಂಡರೂ ಮುಖ್ಯವಾದ ಒಂದನ್ನು ನಾನು ಬರೆದಿರಲಿಲ್ಲ. 1987ರಲ್ಲಿ ಮಲೆನಾಡಿನ ಶಾಲೆಯೊಂದರಿಂದ ತಾಲ್ಲೂಕು ಕ್ರೀಡಾಕೂಟಕ್ಕೆ ಹುಡುಗರನ್ನು ಬಾಡಿಗೆ ಜೀಪಿನಲ್ಲಿ ಕರೆದೊಯ್ದಿದ್ದೆ. ಅಡಿಕೆ ಮೂಟೆ ಹೇರಲು ಅನುಕೂಲವಾಗಲೆಂದು ಅದರ ಮಾಲೀಕ ಸ್ಪ್ರಿಂಗಿಗೆ ಹೆಚ್ಚುವರಿ ಬ್ಲೇಡು ಸೇರಿಸಿ ಎತ್ತರಿಸಿದ್ದ. ತಲೆ ಎಣಿಸಿ ಹತ್ತಿಸಿದವನು ನಾನೇ. ಮೇಲೆ ಸಾಮಾನು ಕಟ್ಟಲು ಒಪ್ಪಿದವನೂ ನಾನೇ. ಒಂದು ತಿರುವಿನಲ್ಲಿ ಎಡಚಕ್ರ ಚರಂಡಿಗಿಳಿಯಿತು. ಜೀಪು ಆತುರವಿಲ್ಲದೆ, ಎಮ್ಮೆ ಮಲಗುವಂತೆ ಮಗ್ಗುಲಾಯಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಬಲಮೊಣಕೈ ಮುರಿಯಿತು. ಅದು ಮತ್ತೆ ಪೂರ್ತಿ ನೆಟ್ಟಗಾಗಲಿಲ್ಲ. ಹಿಂದಿನ ವಾರವಷ್ಟೇ ಅದೇ ತರಗತಿಯಲ್ಲಿ ಇಟ್ಟಿಗೆಯೊಂದನ್ನು ನಿಲ್ಲಿಸಿ, ಓರೆಮಾಡಿ, ಗುರುತ್ವಕೇಂದ್ರದ ಪಾಠ ಮಾಡಿದ್ದೆ.

ಮಗನಿಗೆ ಇದನ್ನು ಎಂದೂ ಹೇಳಿರಲಿಲ್ಲ. ಅಂದು ರಾತ್ರಿ ಹೇಳಿದೆ. ಬಳಿಕ ನೋಟ್‌ಬುಕ್ ತೆರೆದು, ಚಕ್ರಗಳ ಅಗಲದ ಅರ್ಧ 28 ಇಂಚು, ಗುರುತ್ವಕೇಂದ್ರದ ಎತ್ತರ 27 ಇಂಚು ಎಂದು ಅಂದಾಜಿಗೆ ಹಿಡಿದರೆ 46 ಡಿಗ್ರಿ ಓರೆಯವರೆಗೆ ನಿಲ್ಲುವ ಗಾಡಿ, ಆ ಎತ್ತರ 31 ಆದಾಗ 42ಕ್ಕೇ ಉರುಳುವುದೆಂದು ತೋರಿಸಿದೆ. ಚಲಿಸುವ ಗಾಡಿಗೆ ಈ ಅಂಚು ಇನ್ನೂ ಹತ್ತಿರ. “ಬೇಡ” ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆಡಲಿಲ್ಲ. ಅವನು ಬಹಳ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, “ಆ ಹುಡುಗ ಈಗ ಎಲ್ಲಿದ್ದಾನೆ?” ಎಂದಷ್ಟೇ ಕೇಳಿದ. ಊರಲ್ಲೇ ತೋಟ ನೋಡಿಕೊಂಡಿದ್ದಾನೆ, ಸಿಕ್ಕಾಗಲೆಲ್ಲ ನಮಸ್ಕರಿಸುತ್ತಾನೆ, ಎಡಗೈಯನ್ನು ಬಲಗೈಯ ಎತ್ತರಕ್ಕೆ ಇಳಿಸಿಕೊಂಡು, ಎಂದೆ.

ಎರಡು ದಿನ ಕಳೆದು ಅವನೇ ತೀರ್ಮಾನಿಸಿದ. ಕುಸಿದ ಸ್ಪ್ರಿಂಗಿನ ಬದಲಿಗೆ ಒಂದೂವರೆ ಇಂಚು ಎತ್ತರದ ಹೊಸ ಸ್ಪ್ರಿಂಗ್. ಮುಂದಿನ ಸರಳನ್ನು ಅದಕ್ಕೆ ಹೊಂದುವಷ್ಟೇ ಬಿಗಿಮಾಡುವುದು, ಏಕೆಂದರೆ ಅತಿಯಾದರೆ ಚಕ್ರ ಕೆಳಗಿಳಿಯಲು ಅವಕಾಶವಿಲ್ಲದೆ ಗಾಡಿ ಎತ್ತಿನಗಾಡಿಯಂತೆ ಕುಕ್ಕುತ್ತದೆ, ಆಕ್ಸಲಿನ ರಬ್ಬರ್ ಕವಚವೂ ಬೇಗ ಹರಿಯುತ್ತದೆ. ಹೊಸ ಶಾಕ್ ಅಬ್ಸಾರ್ಬರ್, 31 ಇಂಚಿನ ಟೈರು, ಬ್ರೇಕಿನ ಕಡ್ಡಿಗೊಂದು ಬ್ರಾಕೆಟ್. ನಾಲ್ಕು ಇಂಚಿನ ಗಾಡಿಗಳ ಠೀವಿ ಇದಕ್ಕೆ ಬರಲಿಲ್ಲವೆಂಬ ಕೊರಗು ಅವನ ಮುಖದಲ್ಲಿ ಕೆಲಕಾಲ ಇದ್ದುದು ಸುಳ್ಳಲ್ಲ.

ಕೆಲಸ ಮುಗಿದ ದಿನ ನಮ್ಮನ್ನು ಒಂದು ಸುತ್ತು ಕರೆದೊಯ್ಯುವೆನೆಂದ. ಶ್ರೀಮತಿಯವರು ಸೀರೆಯ ನೆರಿಗೆ ಹಿಡಿದು ಎರಡು ಬಾರಿ ಪ್ರಯತ್ನಿಸಿ, “ಇಷ್ಟು ಲೆಕ್ಕ ಮಾಡಿದವರು ನನ್ನ ಮೊಣಕಾಲಿನ ಲೆಕ್ಕ ಯಾಕೆ ಮಾಡಲಿಲ್ಲ?” ಎಂದರು. ಮಗ ಒಳಗೆ ಹೋಗಿ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲು ತಂದಿಟ್ಟ.